ಬಿಚ್ಚದೆ ಓದಿದ ಸುರುಳಿ

ನಮ್ಮೂರ ಮನೆ ಅಟ್ಟದಲ್ಲಿ ಎರಡು ತಾಳೆಗರಿ ಕಟ್ಟುಗಳಿದ್ದವು. ಗರಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಚಿಕ್ಕವನಿದ್ದಾಗ ಏನು ಬರೆದಿದೆಯೋ ನೋಡೋಣ ಅಂತ ಒಂದನ್ನು ಎಳೆದೆ, ಪುಡಿಪುಡಿಯಾಯ್ತು. ಅಜ್ಜಿ ಬೈಯಲಿಲ್ಲ, ಎರಡು ದಿನ ಮಾತೇ ಆಡಲಿಲ್ಲ.

ಇಟಲಿಯ ಹರ್ಕ್ಯುಲೇನಿಯಂನಲ್ಲೂ ಆಗಿದ್ದು ಇದೇ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಆ ಊರನ್ನು ಹೂತುಹಾಕಿತು. 1750ರ ದಶಕದಲ್ಲಿ ಅಲ್ಲಿನ ಒಂದು ಬಂಗಲೆಯಲ್ಲಿ ನೂರಾರು ಪಪೈರಸ್ ಸುರುಳಿಗಳು ಸಿಕ್ಕವು, ಸುಟ್ಟು ಇದ್ದಿಲಾಗಿದ್ದವು. ಬಿಚ್ಚಲು ಹೋದವರ ಕೈಯಲ್ಲಿ ಎಷ್ಟೋ ಪುಡಿಯಾದವು.

ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಬಿಚ್ಚುವ ಯೋಚನೆಯನ್ನೇ ಬಿಟ್ಟರು. ಸುರುಳಿಯನ್ನು ಎಕ್ಸ್-ರೇಯಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬಿಡಿಸಿದರು. ಆದರೆ ಶಾಯಿಯೂ ಇಂಗಾಲ, ಸುಟ್ಟ ಹಾಳೆಯೂ ಇಂಗಾಲ. ಅಕ್ಷರ ಕಾಣೋದು ಹೇಗೆ? 2023ರಲ್ಲಿ ಸ್ಕ್ಯಾನುಗಳನ್ನು ಎಲ್ಲರಿಗೂ ಕೊಟ್ಟು ಸ್ಪರ್ಧೆ ಇಟ್ಟರು. ಶಾಯಿ ಇದ್ದ ಕಡೆ ಮೇಲ್ಮೈಯ ಬಿರುಕು ಬೇರೆ ಥರ ಇರುತ್ತೆ. ಅದನ್ನು ಗುರುತಿಸಲು ಲ್ಯೂಕ್ ಫಾರಿಟರ್ ಅನ್ನೋ 21ರ ಹುಡುಗ ಮೆಷಿನ್ ಲರ್ನಿಂಗ್ ಮಾಡೆಲ್‌ಗೆ ಕಲಿಸಿದ. ಬಿಚ್ಚದ ಆ ಸುರುಳಿಯಿಂದ ಒಂದು ಗ್ರೀಕ್ ಪದ ಹೊರಬಂತು: 'ಪೋರ್ಫಿರಾಸ್', ಅಂದರೆ ನೇರಳೆ.

ಸುದ್ದಿ ಓದಿದ ರಾತ್ರಿಯೇ ಊರಿಗೆ ಫೋನ್ ಮಾಡಿದೆ: "ಅಮ್ಮ, ಅಟ್ಟದಲ್ಲಿ ಇನ್ನೊಂದು ಕಟ್ಟು ಉಳಿದಿದೆಯಲ್ಲ, ಅದನ್ನ ಯಾರೂ ಬಿಚ್ಚೋಕೆ ಹೋಗಬೇಡಿ."