ಮೊದಲ ಫಿಸಿಕ್ ಸ್ಪರ್ಧೆಗೆ ತಯಾರಿ: ಹದಿನಾರು ವಾರದ ಲೆಕ್ಕ, ಕೊನೆಯ ವಾರದ ಎಚ್ಚರ

ಶಿರಸಿ: ಅಂಗಡಿ ಬಾಗಿಲು ಹಾಕಿ ರಾತ್ರಿ ಜಿಮ್‌ಗೆ ಓಡುವ ಹುಡುಗರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಇದ್ದಾರೆ. ಎರಡು-ಮೂರು ವರ್ಷ ಕಬ್ಬಿಣ ಎತ್ತಿದ ಮೇಲೆ ಗೆಳೆಯರು ಯಾರಾದರೂ 'ಒಂದ್ಸಲ ಸ್ಟೇಜ್ ಹತ್ತಿ ನೋಡಾ' ಅಂತಾರೆ. ಯಾವ ವಿಭಾಗ, ಎಷ್ಟು ತಿಂಗಳು, ಏನು ತಿನ್ನಬೇಕು, ನೀರು ಬಿಡಬೇಕಾ ಎನ್ನುವ ಗೊಂದಲ ಅಲ್ಲಿಂದ ಶುರು. ಮೊಬೈಲ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೊದಲ ಸಲ ಸ್ಪರ್ಧೆಗೆ ಇಳಿದವರು ಸಾಮಾನ್ಯವಾಗಿ ತಡವಾಗಿ ಕಲಿಯುವ ಪಾಠ ಒಂದೇ. ವೇದಿಕೆ ಮೇಲೆ ಕಾಣುವ ದೇಹ ಹದಿನಾರು ವಾರದಲ್ಲಿ ತಯಾರಾಗುತ್ತದೆ. ಕೊನೆಯ ವಾರದ ಸಾಹಸದಿಂದ ಅದಕ್ಕೆ ಸೇರುವುದು ಅತ್ಯಲ್ಪ, ಕಳೆದುಕೊಳ್ಳುವುದು ಮಾತ್ರ ಬಹಳ ಇರಬಹುದು. ಕೆಲವರು ಜೀವವನ್ನೇ ಕಳೆದುಕೊಂಡಿದ್ದಾರೆ.

ಇದು ಹೊರಗಿನಿಂದ ಬಂದ ಹುಚ್ಚಲ್ಲ

ಗರಡಿ ಮನೆ, ಸಾಮು ನಮ್ಮ ನಾಡಿಗೆ ಹೊಸದಲ್ಲ. ದೇಹದಾರ್ಢ್ಯವನ್ನು ಕ್ರಮಬದ್ಧವಾಗಿ ಕಲಿಸಿದ ಕನ್ನಡಿಗರಲ್ಲಿ ಮೊದಲು ನೆನಪಾಗುವವರು ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದ ಅವರು ಸೂರ್ಯನಮಸ್ಕಾರ ಮತ್ತು ಭಾರ ಎತ್ತುವುದು ಎರಡನ್ನೂ ಜೊತೆಗೂಡಿಸಿ ಹೇಳಿಕೊಟ್ಟರು. ಅಂಚೆ ಮೂಲಕವೂ ವ್ಯಾಯಾಮ ಪಾಠ ಕಳಿಸುತ್ತಿದ್ದರು. 'ರೂಪದರ್ಶಿ', 'ಶಾಂತಲಾ' ಕಾದಂಬರಿ ಬರೆದವರೂ ಇವರೇ. 'ಬಾಡಿ ಮಾಡೋರಿಗೆ ತಲೆ ಇಲ್ಲ' ಎನ್ನುವವರಿಗೆ ಅವರ ಬದುಕೇ ಉತ್ತರ.

ಮೊದಲು ವಿಭಾಗ ತಿಳ್ಕೊಳ್ಳಿ

ದೇಹದಾರ್ಢ್ಯ ಮತ್ತು ಮೆನ್ಸ್ ಫಿಸಿಕ್ ಬೇರೆ ಬೇರೆ. ದೇಹದಾರ್ಢ್ಯದಲ್ಲಿ ಚಿಕ್ಕ ಚಡ್ಡಿ, ಏಳು ಕಡ್ಡಾಯ ಪೋಸ್, ತೂಕದ ಮೇಲೆ ವಿಭಾಗ. ಕಾಲಿನ ಸ್ನಾಯುವಿಗೂ ಅಂಕ ಇದೆ. ಮೆನ್ಸ್ ಫಿಸಿಕ್‌ನಲ್ಲಿ ಮೊಣಕಾಲಿನ ತುಸು ಮೇಲಿನವರೆಗಿನ ಸಡಿಲ ಶಾರ್ಟ್ಸ್, ನಾಲ್ಕು ದಿಕ್ಕಿಗೆ ತಿರುಗಿ ನಿಲ್ಲುವ ಭಂಗಿ, ಸಾಮಾನ್ಯವಾಗಿ ಎತ್ತರದ ಮೇಲೆ ವಿಭಾಗ. ಅಗಲ ಭುಜ, ಸಣ್ಣ ಸೊಂಟ, ಒಟ್ಟು ಅಂದ, ನಿಲ್ಲುವ ರೀತಿ ಇವೇ ಮುಖ್ಯ. ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಬಿಬಿ ಈ ವಿಭಾಗಕ್ಕೆ ಮಾನ್ಯತೆ ಕೊಟ್ಟಿದ್ದು 2012ರಲ್ಲಿ. ಮಹಿಳೆಯರಿಗೂ ಪ್ರತ್ಯೇಕ ಫಿಸಿಕ್ ವಿಭಾಗಗಳಿವೆ.

ದೇಶದಲ್ಲಿ ಒಂದಕ್ಕಿಂತ ಹೆಚ್ಚು ಒಕ್ಕೂಟಗಳಿದ್ದು, ನಿಯಮ ಸ್ವಲ್ಪ ಸ್ವಲ್ಪ ಬೇರೆ ಇರುತ್ತದೆ. ಹಣ ಕಟ್ಟುವ ಮೊದಲು ಸಂಘಟಕರ ಹತ್ತಿರ ಲಿಖಿತ ನಿಯಮ ಕೇಳಿ. ಯಾವ ಸಂಘಕ್ಕೆ ಸೇರಿದ ಸ್ಪರ್ಧೆ, ಇಲ್ಲಿ ಗೆದ್ದರೆ ರಾಜ್ಯಮಟ್ಟಕ್ಕೆ ಅವಕಾಶ ಇದೆಯಾ, ಶಾರ್ಟ್ಸ್ ಬಣ್ಣ ಯಾವುದು, ಎತ್ತರ-ತೂಕ ಅಳೆಯುವುದು ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ಎನ್ನುವುದನ್ನು ಮೊದಲೇ ತಿಳಿದುಕೊಳ್ಳಿ.

ಎಷ್ಟು ವಾರ ಬೇಕು? ಲೆಕ್ಕ ಹೀಗೆ

74 ಕಿಲೋ ತೂಕದ ಹುಡುಗ, ಮೈಯಲ್ಲಿ ಶೇ. 18 ಕೊಬ್ಬು ಅಂದ್ಕೊಳ್ಳಿ. ಅಂದರೆ ಕೊಬ್ಬು 13 ಕಿಲೋ ಚಿಲ್ಲರೆ, ಉಳಿದಿದ್ದು ಸುಮಾರು 61 ಕಿಲೋ. ವೇದಿಕೆಗೆ ಶೇ. 8ರ ಹತ್ತಿರ ಬರಬೇಕಾದರೆ ತೂಕ 66 ಕಿಲೋಗೆ ಇಳಿಯಬೇಕು. ಇಳಿಸಬೇಕಾದ್ದು 8 ಕಿಲೋ.

ವಾರಕ್ಕೆ ಮೈತೂಕದ ಶೇ. 0.5ರಿಂದ 1ರಷ್ಟು ಇಳಿಸಿದರೆ ಸ್ನಾಯು ಉಳಿಯುತ್ತದೆ, ಅದಕ್ಕಿಂತ ವೇಗವಾಗಿ ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ವಾರಕ್ಕೆ ಅರ್ಧ ಕಿಲೋ ಹಿಡಿದರೆ 8 ಕಿಲೋಗೆ 16 ವಾರ ಆಯ್ತು. 'ಇನ್ನೂ ಎರಡು ತಿಂಗಳು ಇದ್ಯಲ್ಲ' ಅಂತ ಕೂತವರು ಕೊನೆಗೆ ಊಟ ಬಿಟ್ಟು, ನೀರು ಬಿಟ್ಟು ಒದ್ದಾಡುವುದು ಇದಕ್ಕೇ.

ತೂಕ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ವಾರದ ಸರಾಸರಿ ತೆಗೆಯಿರಿ. ಒಂದು ದಿನ ಏರಿತು ಅಂತ ಗಾಬರಿ ಬೇಡ. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದರೂ ಕಾಂಟಾ ಏರ್ತದೆ.

ಭಾರ ಕಮ್ಮಿ ಮಾಡಿ ಬರೀ ಎಣಿಕೆ ಜಾಸ್ತಿ ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ಸ್ನಾಯು ಉಳಿಯಬೇಕಾದರೆ ಮೊದಲು ಎತ್ತುತ್ತಿದ್ದ ಭಾರವನ್ನು ಆದಷ್ಟು ಕಾಯ್ದುಕೊಳ್ಳಬೇಕು. ಕೊಬ್ಬು ಇಳಿಸುವ ಕೆಲಸ ಊಟ ಮತ್ತು ನಡಿಗೆಯದ್ದು. ಬೆಳಿಗ್ಗೆ ಅಂಗಡಿ ತೆಗೆಯೋ ಮೊದಲು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಸಾಕು.

ಅಡುಗೆಮನೆಯಲ್ಲೇ ಇದೆ ಅರ್ಧ ಉತ್ತರ

ಈ ಅವಧಿಯಲ್ಲಿ ಪ್ರತಿ ಕಿಲೋ ಮೈತೂಕಕ್ಕೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೊಟೀನ್ ಬೇಕು. ಮೇಲಿನ ಹುಡುಗನಿಗೆ ಸುಮಾರು 130 ಗ್ರಾಂ. ನಮ್ಮ ಪೇಟೆಯಲ್ಲಿ ಸಿಗುವುದರಲ್ಲೇ ಇದನ್ನು ಹೊಂದಿಸಬಹುದು.

ಮಾಂಸಾಹಾರಿಗಳಿಗೆ: 4 ಮೊಟ್ಟೆ (24 ಗ್ರಾಂ), 200 ಗ್ರಾಂ ಕೋಳಿ ಎದೆಮಾಂಸ (45), ಅರ್ಧ ಲೀಟರ್ ಹಾಲು (16), 50 ಗ್ರಾಂ ಸೋಯಾ ಚಂಕ್ಸ್ (26), 50 ಗ್ರಾಂ ತೊಗರಿಬೇಳೆ (11), 150 ಗ್ರಾಂ ಅಕ್ಕಿಯ ಅನ್ನ (10). ಒಟ್ಟು 132 ಗ್ರಾಂ. ಘಟ್ಟದ ಕೆಳಗಿಂದ ಬರುವ ಬಂಗಡೆ ಸಿಕ್ಕಿದ ದಿನ ಕೋಳಿ ಬದಲು ಅದೂ ಆದೀತು.

ಸಸ್ಯಾಹಾರಿಗಳಿಗೆ: 75 ಗ್ರಾಂ ಸೋಯಾ ಚಂಕ್ಸ್ (39), ಅರ್ಧ ಲೀಟರ್ ಹಾಲು (16), 100 ಗ್ರಾಂ ಪನೀರ್ (18), ಬೇಳೆ-ಹೆಸರು-ಕಡಲೆ ಸೇರಿ 100 ಗ್ರಾಂ (22), ಅಕ್ಕಿ-ಗೋಧಿ ಸೇರಿ 200 ಗ್ರಾಂ (16), ಒಂದು ಚಮಚ ವೇ ಪ್ರೊಟೀನ್ ಪುಡಿ (24). ಒಟ್ಟು 135 ಗ್ರಾಂ.

ಲೆಕ್ಕ ತಪ್ಪುವುದು ಕಾಯಿ ಮತ್ತು ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಅಂದರೆ 120 ಕ್ಯಾಲೊರಿ. ಒಂದು ಹಿಡಿ ಕಾಯಿತುರಿಯದ್ದು ಅದಕ್ಕೂ ಹೆಚ್ಚು. ಶೇಂಗಾದಲ್ಲಿ ಪ್ರೊಟೀನ್ ಇದೆ ನಿಜ, ಆದರೆ 100 ಗ್ರಾಂಗೆ 560ಕ್ಕೂ ಹೆಚ್ಚು ಕ್ಯಾಲೊರಿ. ಅದೇ ಮಜ್ಜಿಗೆಯಲ್ಲಿ ಮಾಡಿದ ಒಂದೆಲಗದ ತಂಬುಳಿ, ಸಕ್ಕರೆ ಹಾಕದ ಮುರುಗಲು ಪಾನಕ, ಬೆಲ್ಲ ಕಮ್ಮಿ ಮಾಡಿದ ಅಪ್ಪೆಹುಳಿ ಡಯೆಟ್‌ಗೆ ಹೇಳಿ ಮಾಡಿಸಿದ ಹಾಗಿವೆ. ಕಾಯಿ ಹಾಕುವ ತಂಬುಳಿಯಾದರೆ ಕಾಯಿ ಕಮ್ಮಿ ಹಾಕ್ಸಿ, ಅಷ್ಟೇ.

ಮನೆಯವರಿಗೆ ಮೊದಲೇ ಹೇಳಿಡಿ. 'ಒಂದು ದೋಸೆ ತಿಂದ್ರೆ ಏನಾಗ್ತದೋ' ಎನ್ನುವ ಅಮ್ಮನ ಹತ್ತಿರ ದಿನಾ ಜಗಳ ಆಡುವುದಕ್ಕಿಂತ, ಇಷ್ಟು ವಾರ ಹೀಗೆ, ಆಮೇಲೆ ಮಾಮೂಲು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ತೋರಿಸಿದರೆ ಅವರೇ ಬೇಳೆ ತೂಗಿ ಇಡ್ತಾರೆ.

ತಿಂಗಳು ನೋಡಿ ಸ್ಪರ್ಧೆ ಆರಿಸಿ

ತೋಟ ಇದ್ದವರಿಗೆ ಕೊನೆ ಕೊಯ್ಲು, ಅಡಿಕೆ ಸುಲಿತದ ತಿಂಗಳುಗಳಲ್ಲಿ ನಿದ್ದೆ-ಊಟ ಎರಡೂ ಹೊತ್ತಿಗೆ ಸರಿಯಾಗಿ ಆಗೋದಿಲ್ಲ. ಬಟ್ಟೆ, ಬಂಗಾರದ ಅಂಗಡಿಯವರಿಗೆ ಮದುವೆ ಹಂಗಾಮು ಹಾಗೆಯೇ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಂತೂ ಶಿರಸಿ ಪೇಟೆಯವರಿಗೆ ಪುರುಸೊತ್ತೇ ಇಲ್ಲ. ಸ್ಪರ್ಧೆಯ ದಿನದಿಂದ 16 ವಾರ ಹಿಂದಕ್ಕೆ ಎಣಿಸಿ ನೋಡಿ. ಆ ಅವಧಿಯ ಅರ್ಧದಷ್ಟು ಹಂಗಾಮಿನಲ್ಲೇ ಬಿದ್ದರೆ ಮುಂದಿನ ಸ್ಪರ್ಧೆ ಕಾಯುವುದೇ ಮೇಲು.

ನಿಲ್ಲೋದನ್ನೂ ಕಲೀಬೇಕು

ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿ. ತೀರ್ಪುಗಾರರ ಎದುರು ಹೊಟ್ಟೆ ಒಳಗೆಳೆದು, ಬೆನ್ನು ಅಗಲಿಸಿ, ಮುಖದಲ್ಲಿ ನಗು ಇಟ್ಟು ಹತ್ತು ನಿಮಿಷ ನಿಲ್ಲುವುದು ಒಂದು ವ್ಯಾಯಾಮವೇ. ಕಾಲು ನಡುಗ್ತದೆ, ಬೆವರು ಸುರೀತದೆ. ಎಂಟು ವಾರ ಮೊದಲಿನಿಂದ ದಿನಾ 15–20 ನಿಮಿಷ ಅಭ್ಯಾಸ ಮಾಡಿ. ಕನ್ನಡಿ ಎದುರು ಮಾಡಿದ್ದನ್ನು ಕನ್ನಡಿ ಇಲ್ಲದೆಯೂ ಮಾಡಿ, ಗೆಳೆಯರ ಹತ್ತಿರ ವಿಡಿಯೋ ತೆಗೆಸಿ ನೋಡಿ.

ಮೈಗೆ ಹಚ್ಚುವ ಕಂದು ಬಣ್ಣವನ್ನು ಎರಡು ವಾರ ಮೊದಲು ತೋಳಿನ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಿ. ತುರಿಕೆ ಬಂದರೆ ಆಗಲೇ ಬದಲಿಸಬಹುದು. ಕೂದಲು ತೆಗೆಯುವುದನ್ನು ಹಿಂದಿನ ರಾತ್ರಿಗೆ ಇಟ್ಟುಕೊಂಡರೆ ಗಾಯದ ಮೇಲೆ ಬಣ್ಣ ಉರಿಯುತ್ತದೆ, ಎರಡು ದಿನ ಮೊದಲೇ ಮುಗಿಸಿ.

ಕೊನೆಯ ವಾರ: ನೀರು ಬಿಡಬೇಡಿ

'ನೀರು ಬಿಟ್ರೆ ಚರ್ಮ ತೆಳುವಾಗಿ ಕಟ್ ಕಾಣ್ತದೆ' ಎಂಬ ಮಾತು ಎಲ್ಲ ಜಿಮ್‌ನಲ್ಲೂ ಕೇಳ್ತದೆ. ಸ್ನಾಯುವಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅನ್ನ, ಗೆಣಸಿನಿಂದ ಬರುವ ಪಿಷ್ಟ ಸ್ನಾಯುವಿನಲ್ಲಿ ಗ್ಲೈಕೋಜೆನ್ ಆಗಿ ಕೂರುವಾಗ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ನೀರು ಬಿಟ್ಟರೆ ಆ ತುಂಬಿದ ನೋಟವೇ ಹೋಗಿ ಸ್ನಾಯು ಚಪ್ಪಟೆ ಕಾಣುತ್ತದೆ. ನಾಲ್ಕು ತಿಂಗಳ ಶ್ರಮ ಎರಡು ದಿನದಲ್ಲಿ ನೀರುಪಾಲು.

ಅದಕ್ಕಿಂತ ಭಯಂಕರ ಮೂತ್ರವರ್ಧಕ ಮಾತ್ರೆ. ಫ್ಯೂರೋಸೆಮೈಡ್‌ನಂಥ ಔಷಧ ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ. ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪುತ್ತದೆ. ಅಲ್ಜೀರಿಯಾ ಮೂಲದ ಹೆಸರಾಂತ ದೇಹದಾರ್ಢ್ಯಪಟು ಮೊಹಮ್ಮದ್ ಬೆನಜೀಜಾ 1992ರಲ್ಲಿ ನೆದರ್ಲೆಂಡ್ಸ್‌ನ ಸ್ಪರ್ಧೆ ಮುಗಿದ ಬೆನ್ನಿಗೇ ತೀರಿಕೊಂಡರು. ಮೈಯ ನೀರು ಬತ್ತಿಸಿಕೊಂಡದ್ದೇ ಅವರ ಸಾವಿನ ಜೊತೆ ಕೇಳಿಬಂದ ಕಾರಣ. ಅವರ ಹಿಂದೆ ದೊಡ್ಡ ದೊಡ್ಡ ಪ್ರಶಸ್ತಿಗಳಿದ್ದವು, ಅನುಭವ ಇತ್ತು.

ನಮ್ಮ ಕಡೆಯವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಇಡೀ ಉತ್ತರ ಕನ್ನಡ ದನಿ ಎತ್ತಿದ್ದು ನೆನಪಿರಲಿ. ಹೃದಯದ ದೊಡ್ಡ ತೊಂದರೆ ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿ.ಮೀ.

ಹಾಗಾದರೆ ಕೊನೆಯ ವಾರ ಏನು ಮಾಡೋದು? ಮಾಮೂಲಿನಂತೆ ನೀರು, ಮಾಮೂಲಿನಂತೆ ಉಪ್ಪು. ಕೊನೆಯ ಎರಡು ದಿನ ಅನ್ನ ತುಸು ಹೆಚ್ಚು, ನಾರಿನ ತರಕಾರಿ ತುಸು ಕಮ್ಮಿ, ಕಾಲಿನ ಭಾರೀ ವ್ಯಾಯಾಮ ಬೇಡ, ನಿದ್ದೆ ಚೆನ್ನಾಗಿ. ಮೊದಲು ತಿಂದು ಅಭ್ಯಾಸ ಇಲ್ಲದ ಪದಾರ್ಥ ಒಂದೂ ಬೇಡ. ತಲೆಸುತ್ತು, ಎದೆಬಡಿತ ಏರುಪೇರು, ಬಿಡದ ಸ್ನಾಯು ಸೆಳೆತ, ಕಡು ಬಣ್ಣದ ಮೂತ್ರ ಕಂಡರೆ ಸ್ಪರ್ಧೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಡಬ್ಬಿ, ಮಾತ್ರೆ, ಇಂಜೆಕ್ಷನ್

ಪ್ರೊಟೀನ್ ಡಬ್ಬಿ ಕೊಳ್ಳುವಾಗ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಸೀಲ್, ತಯಾರಿ ದಿನಾಂಕ ನೋಡಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದ ಮಾಲು ಅಗ್ಗ ಇದ್ದರೂ ಬೇಡ.

ಸ್ಟೆರಾಯ್ಡ್ ಇಂಜೆಕ್ಷನ್, 'ಕೊಬ್ಬು ಕರಗಿಸುವ' ಕ್ಲೆನ್‌ಬ್ಯೂಟೆರಾಲ್ ಮಾತ್ರೆ ಯಾರೇ ಕೊಟ್ಟರೂ ದೂರ ಇಡಿ. ಕ್ಲೆನ್‌ಬ್ಯೂಟೆರಾಲ್ ಮೂಲತಃ ಉಬ್ಬಸದ ಔಷಧ, ಎದೆಬಡಿತ ಏರಿಸುತ್ತದೆ. ಸ್ಟೆರಾಯ್ಡ್‌ನಿಂದ ರಕ್ತದೊತ್ತಡ, ಕೊಲೆಸ್ಟ್ರಾಲ್, ಯಕೃತ್ತಿನ ತೊಂದರೆ, ವೃಷಣ ಕುಗ್ಗುವುದು, ಮಕ್ಕಳಾಗದಿರುವುದು ಎಲ್ಲಕ್ಕೂ ದಾರಿ ಇದೆ. ಉದ್ದೀಪನ ತಡೆಗೆ ದೇಶದಲ್ಲಿ 2022ರ ಕಾಯ್ದೆ ಇದೆ, ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೂ ನಿಷೇಧ ಆಗಬಹುದು. ಔಷಧ ಅಂಗಡಿಯವರಿಗೂ ಒಂದು ಮಾತು: ವೈದ್ಯರ ಚೀಟಿ ಇಲ್ಲದೆ ಬಂದ ಗಟ್ಟಿಮುಟ್ಟು ಹುಡುಗನಿಗೆ ಮೂತ್ರವರ್ಧಕ ಮಾತ್ರೆ ಕೊಡಬೇಡಿ. ಒಂದು ಸ್ಟ್ರಿಪ್‌ನ ವ್ಯಾಪಾರಕ್ಕೆ ಒಂದು ಜೀವದ ಬೆಲೆ ಆಗಬಹುದು.

ತಯಾರಿ ಶುರು ಮಾಡುವ ಮೊದಲೇ ರಕ್ತದೊತ್ತಡ, ಇಸಿಜಿ, ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ ಮತ್ತು ಲಿವರ್ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಮಹಿಳಾ ಸ್ಪರ್ಧಿಗಳಿಗೆ ತಯಾರಿ ನಡುವೆ ಮುಟ್ಟು ನಿಂತರೆ ಊಟ ಸಾಲುತ್ತಿಲ್ಲ ಎಂಬ ಸೂಚನೆ, ತಡ ಮಾಡದೆ ವೈದ್ಯರನ್ನು ಕಾಣಬೇಕು. 18 ತುಂಬದ ಹುಡುಗರು ಇಂಥ ಕಟ್ಟುನಿಟ್ಟಿನ ಡಯೆಟ್‌ಗೆ ಇಳಿಯದಿರುವುದೇ ಒಳ್ಳೆಯದು.

ಸ್ಪರ್ಧೆಯ ದಿನ ಚೀಲದಲ್ಲಿ ಏನಿರಬೇಕು

- ಆಧಾರ್, ವಯಸ್ಸಿನ ದಾಖಲೆ, ಫೋಟೊ, ನೋಂದಣಿ ರಸೀದಿ
- ಎರಡು ಜೊತೆ ಶಾರ್ಟ್ಸ್, ಬಣ್ಣ, ಹಳೆಯ ಟವೆಲ್, ಕಪ್ಪು ಬಣ್ಣದ ಹಳೆ ಬಟ್ಟೆ
- ನೀರು, ಅನ್ನ-ಮೊಟ್ಟೆ ಡಬ್ಬಿ, ಬಾಳೆಹಣ್ಣು, ಬೆಲ್ಲ
- ಕೈಯಿಂದ ಎಳೆಯುವ ರಬ್ಬರ್ ಬ್ಯಾಂಡ್
- ಜೊತೆಗೊಬ್ಬ ಗೆಳೆಯ. ಬೆನ್ನಿಗೆ ಬಣ್ಣ ಹಚ್ಚಲು ಸ್ವಂತ ಕೈ ಎಟುಕೋದಿಲ್ಲ!

ಹುಬ್ಬಳ್ಳಿ, ಬೆಳಗಾವಿ ಕಡೆಯ ಸ್ಪರ್ಧೆಯಾದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಬೆಳಗಿನ ಬಸ್ಸಿಗೆ ಹೊರಟು ದಾರಿಯಲ್ಲಿ ವಾಂತಿ ಮಾಡಿಕೊಂಡರೆ ಎಲ್ಲ ಮುಗೀತು. ವೇದಿಕೆ ಕಾರ್ಯಕ್ರಮ ಹೇಳಿದ ಸಮಯಕ್ಕೆ ಶುರುವಾಗುವುದು ಅಪರೂಪ, ಹಾಗಾಗಿ ಊಟದ ಡಬ್ಬಿ ಒಂದು ಹೆಚ್ಚೇ ಇರಲಿ.

ಮರುದಿನದಿಂದಲೇ ಇನ್ನೊಂದು ಪರೀಕ್ಷೆ

ಸ್ಪರ್ಧೆ ಮುಗಿದ ರಾತ್ರಿ ಹೊಟ್ಟೆ ತುಂಬಾ ತಿನ್ನಿ, ತಪ್ಪಿಲ್ಲ. ಅದೇ ಹದಿನೈದು ದಿನ ಮುಂದುವರಿದರೆ ತೂಕ ದಡಬಡನೆ ಏರಿ, ಕಾಲು ಊದಿ, ಮನಸ್ಸೂ ಕುಗ್ಗುತ್ತದೆ. ನಾಲ್ಕರಿಂದ ಎಂಟು ವಾರ ಊಟವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ವೇದಿಕೆಯ ದಿನದ ಮೈಕಟ್ಟು ವರ್ಷಪೂರ್ತಿ ಇರುವಂಥದ್ದಲ್ಲ, ಇರಲೂಬಾರದು.

ಮೊದಲ ಸಲ ಪದಕ ಬರುವುದು ಕೆಲವರಿಗೆ ಮಾತ್ರ. ಉಳಿದವರು ತೀರ್ಪುಗಾರರ ಹತ್ತಿರ ಹೋಗಿ 'ಸರ್, ಎಲ್ಲಿ ಕಮ್ಮಿ ಆಯ್ತು' ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ತಯಾರಿಗೆ ಆ ಚೀಟಿ ಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಎಂದಿನಂತೆ ಅಂಗಡಿ ಬಾಗಿಲು ತೆಗೆಯುವಷ್ಟು ಆರೋಗ್ಯದಲ್ಲಿ ಊರಿಗೆ ಮರಳಿದರೆ ಮೊದಲ ಸ್ಪರ್ಧೆ ಚೆನ್ನಾಗಿಯೇ ಆಯ್ತು ಎಂದುಕೊಳ್ಳಬಹುದು.