ದೇಶೀಕರಣದ ಮೂಲಕ ಭಾರತೀಯ ಪೌರತ್ವ: ಉದ್ಯೋಗ ನಿಮಿತ್ತ ವಿದೇಶ ಪ್ರಯಾಣ ಹಾಗೂ ವಾಸದ ಅವಧಿಯ ಗಣನೆ

ಸರಸ್ವತಿ ನಗರವೂ ಸೇರಿದಂತೆ ದಾವಣಗೆರೆ ನಗರ ಹಾಗೂ ಹರಿಹರದಲ್ಲಿ ನೆಲೆಸಿರುವ, ಭಾರತೀಯ ಪೌರತ್ವವನ್ನು ಕೋರುವ ವಿದೇಶೀ ಪ್ರಜೆಗಳ ಮತ್ತು ಅವರ ಕುಟುಂಬದವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

1. ವಾಸದ ಷರತ್ತು

ಪೌರತ್ವ ಅಧಿನಿಯಮ, 1955ರ 6ನೇ ಪ್ರಕರಣ ಹಾಗೂ ಮೂರನೇ ಅನುಸೂಚಿಯ ಮೇರೆಗೆ ಅರ್ಜಿದಾರರು ಎರಡು ಅವಧಿಗಳನ್ನು ಪೂರೈಸಿರತಕ್ಕದ್ದು.

(ಅ) ಅರ್ಜಿಯ ದಿನಾಂಕಕ್ಕೆ ನಿಕಟಪೂರ್ವದ 12 ತಿಂಗಳು ನಿರಂತರವಾಗಿ ಭಾರತದಲ್ಲಿ ವಾಸ.

(ಆ) ಆ 12 ತಿಂಗಳಿಗೆ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷಗಳಿಗೆ ಕಡಿಮೆಯಿಲ್ಲದ ವಾಸ. ಇದು ನಿರಂತರವಾಗಿರಬೇಕಾಗಿಲ್ಲ.

2019ರ ತಿದ್ದುಪಡಿಯ ವ್ಯಾಪ್ತಿಗೆ ಒಳಪಡುವವರಿಗೆ 11 ವರ್ಷಗಳ ಬದಲು 5 ವರ್ಷಗಳು ಅನ್ವಯಿಸುತ್ತವೆ.

2. ಕೆಲಸದ ಪ್ರಯಾಣವನ್ನು ವಾಸವೆಂದು ಪರಿಗಣಿಸಲಾಗುವುದೇ?

ಭಾರತದ ಯಾವುದೇ ಸರ್ಕಾರದ ಸೇವೆಯಲ್ಲಿದ್ದ ಅವಧಿಯನ್ನು ಅಧಿನಿಯಮವು ವಾಸಕ್ಕೆ ಸಮನಾಗಿ ಪರಿಗಣಿಸುತ್ತದೆ. ಖಾಸಗಿ ಕಂಪನಿ ಅಥವಾ ಕಾರ್ಖಾನೆಯ ಕೆಲಸಕ್ಕೆ ಹೋದ ಅವಧಿಗೆ ಈ ಸೌಲಭ್ಯವಿಲ್ಲ. ಸಂಬಳ ಭಾರತದಲ್ಲಿಯೇ ಪಾವತಿಯಾಗಿದ್ದರೂ, ಕುಟುಂಬವು ಇಲ್ಲಿಯೇ ಉಳಿದಿದ್ದರೂ ಅಧಿನಿಯಮದಲ್ಲಿ ಅದಕ್ಕೆ ಪ್ರತ್ಯೇಕ ವಿನಾಯಿತಿ ಇರುವುದಿಲ್ಲ.

3. ಉದಾಹರಣೆ

ಸರಸ್ವತಿ ನಗರದಲ್ಲಿ ನೆಲೆಸಿ ಹರಿಹರದ ಖಾಸಗಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ವಿದೇಶೀ ಎಂಜಿನಿಯರೊಬ್ಬರು 2026ರ ಜುಲೈ 1ರಂದು ಅರ್ಜಿ ಸಲ್ಲಿಸುವರೆಂದು ಭಾವಿಸೋಣ. 2025ರ ಜುಲೈ 1ರಿಂದ 2026ರ ಜೂನ್ 30ರವರೆಗಿನದು ನಿರಂತರ ವಾಸದ ಅವಧಿ. 2011ರ ಜುಲೈ 1ರಿಂದ 2025ರ ಜೂನ್ 30ರವರೆಗಿನದು 14 ವರ್ಷಗಳ ಅವಧಿ. ಈ 14 ವರ್ಷಗಳಲ್ಲಿ ಒಟ್ಟು 3 ವರ್ಷ, ಅಂದರೆ 36 ತಿಂಗಳವರೆಗೆ ಮಾತ್ರ ಹೊರಗಿರಬಹುದು. ವರ್ಷಕ್ಕೆ 4 ತಿಂಗಳಂತೆ 7 ವರ್ಷ ಹೋಗಿದ್ದರೆ 28 ತಿಂಗಳಾಗುವುದರಿಂದ ಷರತ್ತು ಪೂರೈಸುತ್ತದೆ. ವರ್ಷಕ್ಕೆ 5 ತಿಂಗಳಂತೆ 8 ವರ್ಷ ಹೋಗಿದ್ದರೆ 40 ತಿಂಗಳಾಗಿ, ವಾಸವು 10 ವರ್ಷ 8 ತಿಂಗಳಿಗೆ ಇಳಿಯುತ್ತದೆ, ಷರತ್ತು ಪೂರೈಸುವುದಿಲ್ಲ. ಅಂಥವರು ಅರ್ಜಿಯನ್ನು ಮುಂದೂಡಿದಲ್ಲಿ 14 ವರ್ಷಗಳ ಅವಧಿಯೂ ಮುಂದಕ್ಕೆ ಸರಿದು, ಹಳೆಯ ಪ್ರಯಾಣಗಳು ಲೆಕ್ಕದಿಂದ ಹೊರಗುಳಿಯಬಹುದು.

4. ಕೇಂದ್ರ ಸರ್ಕಾರವು ನೀಡಬಹುದಾದ ಸಡಿಲಿಕೆ

(ಅ) 2015ರ ತಿದ್ದುಪಡಿಯಂತೆ, ವಿಶೇಷ ಸಂದರ್ಭಗಳಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, 12 ತಿಂಗಳ ನಿರಂತರ ವಾಸದಲ್ಲಿ ಗರಿಷ್ಠ 30 ದಿನಗಳವರೆಗೆ ಸಡಿಲಿಸಬಹುದು. ಈ ದಿನಗಳು ಬೇರೆ ಬೇರೆ ಪ್ರಯಾಣಗಳಲ್ಲಿ ಹಂಚಿಹೋಗಿರಬಹುದು.

(ಆ) ಅರ್ಜಿಗೆ ಮುಂಚಿನ 6 ತಿಂಗಳೊಳಗೆ ಮುಕ್ತಾಯಗೊಂಡ 12 ತಿಂಗಳ ನಿರಂತರ ವಾಸವನ್ನು ನಿಕಟಪೂರ್ವದ ವಾಸವೆಂದು ಪರಿಗಣಿಸಬಹುದು.

(ಇ) 15 ವರ್ಷಗಳಿಗೂ ಹಿಂದಿನ ವಾಸ ಅಥವಾ ಸೇವೆಯನ್ನು ಒಟ್ಟು ಅವಧಿಗೆ ಸೇರಿಸಬಹುದು.

ಇವು ವಿವೇಚನೆಗೆ ಒಳಪಟ್ಟವು; ಹಕ್ಕೆಂದು ಕೇಳಲಾಗದು. ಆದ್ದರಿಂದ ಕೊನೆಯ ವರ್ಷದಲ್ಲಿ ವಿದೇಶದ ಕೆಲಸ ಒಪ್ಪಿಕೊಳ್ಳುವ ಮುನ್ನ ದಿನಗಳನ್ನು ಎಣಿಸಿ ನೋಡುವುದು ಸೂಕ್ತ.

5. ಸಾಗರೋತ್ತರ ಭಾರತೀಯ ನಾಗರಿಕರು (ಒಸಿಐ)

ವಿದೇಶದಿಂದ ಹಿಂದಿರುಗಿದ ಕುಟುಂಬಗಳ ಒಸಿಐ ಕಾರ್ಡುದಾರರು ದೇಶೀಕರಣದ ಬದಲು 5ನೇ ಪ್ರಕರಣದ ನೋಂದಣಿಯನ್ನು ಪರಿಶೀಲಿಸಬಹುದು. ಕಾರ್ಡುದಾರರಾಗಿ 5 ವರ್ಷ ಹಾಗೂ ಅರ್ಜಿಗೆ ಮುಂಚೆ 12 ತಿಂಗಳ ಭಾರತ ವಾಸ ಅವಶ್ಯಕ. ಇಲ್ಲಿಯೂ 30 ದಿನಗಳ ಸಡಿಲಿಕೆಗೆ ಅವಕಾಶವಿದೆ.

6. ಅರ್ಜಿ ಸಲ್ಲಿಸುವ ವಿಧಾನ

ಕೇಂದ್ರ ಗೃಹ ಮಂತ್ರಾಲಯದ ಪೌರತ್ವ ಜಾಲತಾಣದಲ್ಲಿ ನಮೂನೆ-8ನ್ನು ಭರ್ತಿ ಮಾಡಿ, ದಾಖಲೆಗಳನ್ನು ಜಿಲ್ಲಾಧಿಕಾರಿಗಳ ಕಛೇರಿಗೆ ಸಲ್ಲಿಸತಕ್ಕದ್ದು. ಜಿಲ್ಲಾಧಿಕಾರಿಗಳ ವರದಿಯೊಂದಿಗೆ ಅರ್ಜಿಯು ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ರವಾನೆಯಾಗುತ್ತದೆ. ತೀರ್ಮಾನ ಕೈಗೊಳ್ಳುವ ಅಧಿಕಾರ ಕೇಂದ್ರ ಸರ್ಕಾರದ್ದು.

ಹಳೆಯ ಹಾಗೂ ಚಾಲ್ತಿಯಲ್ಲಿರುವ ಎಲ್ಲಾ ಪಾಸ್‌ಪೋರ್ಟ್‌ಗಳನ್ನು ಜೋಪಾನವಾಗಿಡಿ. ಪ್ರತಿಯೊಂದು ನಿರ್ಗಮನ ಮತ್ತು ಆಗಮನದ ದಿನಾಂಕವನ್ನು ಪಟ್ಟಿ ಮಾಡಿ. ಸರ್ಕಾರಿ ಸೇವೆಯ ಅವಧಿಯನ್ನು ಕ್ಲೇಮು ಮಾಡುವವರು ಸೇವಾ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು. ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯೊಂದರ ಸಾಕಷ್ಟು ಜ್ಞಾನವೂ ಅಗತ್ಯ, ಕನ್ನಡವು ಅವುಗಳಲ್ಲೊಂದು.

ಸೂಚನೆ: ವಿದೇಶ ಪ್ರಯಾಣವನ್ನು ಮರೆಮಾಚಬಾರದು. ಸುಳ್ಳು ಮಾಹಿತಿ ಅಥವಾ ಸತ್ಯಾಂಶ ಮುಚ್ಚಿಟ್ಟು ಪಡೆದ ಪೌರತ್ವವನ್ನು 10ನೇ ಪ್ರಕರಣದ ಮೇರೆಗೆ ಕೇಂದ್ರ ಸರ್ಕಾರವು ರದ್ದುಪಡಿಸಬಹುದಾಗಿರುತ್ತದೆ.