ವಾದ್ಯವಿಲ್ಲದ ಹಾಡು: ಹುಣಸೂರು ಸೀಮೆಯ ಕೆಲವು ಕಂಠಪರಂಪರೆಗಳು

ಭರತನ ನಾಟ್ಯಶಾಸ್ತ್ರವು ವೀಣೆಯಲ್ಲಿ ಎರಡು ಬಗೆಯನ್ನು ಹೇಳುತ್ತದೆ. ಮರದಿಂದಾದುದು ದಾರವೀ, ದೇಹರೂಪವಾದುದು ಶಾರೀರೀ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಗೀತ, ವಾದ್ಯ, ನೃತ್ತ ಮೂರೂ ಕೂಡಿದ್ದೇ ಸಂಗೀತವೆಂದು ಲಕ್ಷಣ ಹೇಳಿ, ನೃತ್ತವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸುವುವೆಂದು ವಿವರಿಸಿದ್ದಾನೆ. ತನ್ನ ದೇಹವನ್ನೇ ವೀಣೆಯಾಗಿಸಿಕೊಳ್ಳೆಂದು ಇಷ್ಟದೈವವನ್ನು ಬೇಡುವ ಬಸವಣ್ಣನವರ ವಚನವಂತೂ ಶರಣಸಾಹಿತ್ಯದ ಅಭ್ಯಾಸಿಗಳಿಗೆಲ್ಲ ಪರಿಚಿತವಾದುದು. ಹೀಗೆ ಶಾಸ್ತ್ರವೂ ಅನುಭಾವವೂ ಕಂಠಕ್ಕೆ ಅಗ್ರಸ್ಥಾನವನ್ನಿತ್ತಿದ್ದರೂ, ಪಕ್ಕವಾದ್ಯವಿಲ್ಲದ ಹಾಡು ಸಂಗೀತದ ಬಾಲ್ಯಾವಸ್ಥೆ, ವಾದ್ಯವನ್ನು ಸಂಪಾದಿಸಲಾರದವರ ಹಾಡು ಎಂದು ಬಗೆಯುವ ರೂಢಿ ನಮ್ಮಲ್ಲಿ ಇಲ್ಲದಿಲ್ಲ. ಈ ಎಣಿಕೆ ಎಷ್ಟು ಸಡಿಲವಾದುದೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಪಶ್ಚಿಮಕ್ಕಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯನ್ನು ಒಮ್ಮೆ ಸುತ್ತಿದರೆ ಸಾಕು.

ಈ ಸೀಮೆಯಲ್ಲಿ ವಾದ್ಯವಿಲ್ಲವೆಂದಲ್ಲ. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಕೈಯಲ್ಲಿ ತಂಬೂರಿಯಿದೆ. ಮಾದೇಶ್ವರನ ದೇವರಗುಡ್ಡರ ಕೈಯಲ್ಲಿ ಕಂಸಾಳೆಯಿದೆ. ಅವರು ದೀಕ್ಷೆ ಪಡೆದ ವೃತ್ತಿಗಾಯಕರು. ವಾದ್ಯವು ಅವರಿಗೆ ಶ್ರುತಿ-ತಾಳಗಳ ಸಾಧನ ಮಾತ್ರವಲ್ಲ, ದೀಕ್ಷೆಯ ಲಾಂಛನವೂ ಹೌದು. ಅವರ ಕೈ ಬಿಡುವಾಗಿರುವುದು ಹಾಡಿಗಾಗಿಯೇ. ಆದರೆ ಒನಕೆ ಹಿಡಿದವಳ, ಪೈರು ನೆಡುವವಳ, ಮದುಮಗಳಿಗೆ ಅರಿಸಿನ ಹಚ್ಚುವವಳ, ಬಿಳಲಿಗೆ ಜೋತುಬಿದ್ದು ಮರವೇರುವವನ ಕೈ ಬಿಡುವಾಗಿಲ್ಲ. ಕೈಗೆ ಬೇರೊಂದು ಕೆಲಸವಿರುವಲ್ಲಿ ಹಾಡು ಕಂಠವೊಂದನ್ನೇ ಆಶ್ರಯಿಸುತ್ತದೆ. ಇಲ್ಲಿ ವಾದ್ಯದ ಅಭಾವಕ್ಕೆ ದಾರಿದ್ರ್ಯವು ಕಾರಣವಲ್ಲ. ಹಾಡು ಹುಟ್ಟಿದ ಸಂದರ್ಭವೇ ಕಾರಣ.

ಕನ್ನಡದಲ್ಲಿ ಇಂಥ ಹಾಡಿನ ಪ್ರಾಚೀನತೆಗೆ ಒಳ್ಳೆಯ ಆಧಾರವಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಎಂದರೆ ಸುಮಾರು ಕ್ರಿ. ಶ. 700ರಲ್ಲಿ, ತ್ರಿಪದಿಯು ಆಗಲೇ ಪಕ್ವವಾದ ಛಂದಸ್ಸಾಗಿ ಕಾಣಿಸಿಕೊಳ್ಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಯಾವ ಪದ್ಯಜಾತಿ ಯಾವ ಸಂದರ್ಭಕ್ಕೆಂಬುದನ್ನು ಹೇಳುವಾಗ, ಕಥೆಗೆ ಷಟ್ಪದಿ, ವಿವಾಹಕ್ಕೆ ಧವಳ, ಧಾನ್ಯ ಕುಟ್ಟುವಾಗ ತ್ರಿಪದಿ ಎಂದು ವಿಂಗಡಿಸಿದ್ದಾನೆ. ಅರಸನೊಬ್ಬನು ಸಂಸ್ಕೃತದಲ್ಲಿ ಬರೆದ ವಿಶ್ವಕೋಶದಲ್ಲಿ ಒನಕೆವಾಡಿಗೆ ಹೀಗೆ ಸ್ಥಾನ ದೊರೆತುದು ಸಾಮಾನ್ಯ ಸಂಗತಿಯಲ್ಲ. ಪದ್ಯವಾಗಿ ಬರೆದಾಗ ಮೂರೇ ಪಾದವುಳ್ಳ ತ್ರಿಪದಿಯು ಹಾಡುವಾಗ ನಾಲ್ಕಾಗಿ ಹಿಗ್ಗುತ್ತದೆ. ಎರಡನೆಯ ಪಾದದ ಭಾಗವು ಮರಳಿ ಬರುತ್ತದೆ. ಈ ಪುನರುಕ್ತಿಯನ್ನು ಛಂದಶ್ಶಾಸ್ತ್ರದ ದೃಷ್ಟಿಯಿಂದಷ್ಟೇ ನೋಡಿದರೆ ಸಾಲದು. ಒನಕೆ ಏರಿಳಿಯುವಾಗ ಉಸಿರು ತಿರುಗಿಸಿಕೊಳ್ಳಲು ಹಾಡುವವಳಿಗೂ, ಸಾಲನ್ನು ಎತ್ತಿಕೊಳ್ಳಲು ಜೊತೆಯವಳಿಗೂ ಅದು ಅವಕಾಶ ಮಾಡಿಕೊಡುತ್ತದೆ. ಅಲ್ಲಿ ತಾಳ ಹಾಕುವುದು ಒನಕೆಯೇ.

ಸೋಬಾನೆಯ ಕ್ರಮವೂ ಇದಕ್ಕೆ ಸಮೀಪದ್ದು. ಮೈಸೂರು ಸೀಮೆಯ ಮದುವೆಮನೆಗಳಲ್ಲಿ ಅರಿಸಿನೆಣ್ಣೆಯಿಂದ ಮನೆ ತುಂಬಿಸಿಕೊಳ್ಳುವವರೆಗೆ ಶಾಸ್ತ್ರಕ್ಕೊಂದು ಪದವಿದೆ. ತಿಳಿದ ಹಿರಿಯಳೊಬ್ಬಳು ಸೊಲ್ಲೆತ್ತುತ್ತಾಳೆ. ಉಳಿದವರು ಹಿಂದೆ ಸೋಬಾನೆಯೆಂದು ಕೂಡಿಕೊಳ್ಳುತ್ತಾರೆ. ಈ ಕೂಡಿಕೆಯಲ್ಲಿ ಪಾಶ್ಚಾತ್ಯರ ಬಹುಧ್ವನಿಯಿಲ್ಲ. ಎಲ್ಲರದೂ ಒಂದೇ ಮಟ್ಟು. ಆದರೂ ವಯಸ್ಸಾದ ಕಂಠವೂ ಎಳೆಯ ಕಂಠವೂ ತುಸು ಹಿಂದುಮುಂದಾಗಿ, ಒಂದರ ಮೇಲೊಂದು ಹಾಯುವುದರಿಂದ ಹುಟ್ಟುವ ಸಾಂದ್ರತೆಯನ್ನು ಯಾವ ಹಾರ್ಮೋನಿಯಂ ಕೂಡ ಕೊಡಲಾರದು. (ಹಾರ್ಮೋನಿಯಂ ಸೇರಿಸಿ ಸೋಬಾನೆಯನ್ನು ಸಭೆಗೆ ತಂದವರು ಈ ಸಾಂದ್ರತೆಯನ್ನೇ ಮೊದಲು ಕಳೆದುಕೊಂಡರೆಂಬುದು ಕೇಳಿದವರಿಗೆ ತಿಳಿಯದ ವಿಷಯವಲ್ಲ.) ಕೃಷ್ಣರಾಜನಗರದ ಕಾವೇರಿ ನಾಲೆಗಳ ಬಯಲಿನ ನಾಟಿಪದಕ್ಕೂ ಇದೇ ರೀತಿ.

ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನಲ್ಲಿ ಜೇನುಕುರುಬರ ಹಾಡು ಬೇರೊಂದು ಪ್ರಯೋಜನಕ್ಕೆ ಸಲ್ಲುತ್ತದೆ. ಹೆಜ್ಜೇನು ಕೀಳುವುದು ಸಾಮಾನ್ಯವಾಗಿ ಕತ್ತಲೆಯಲ್ಲಿ. ಹೊಗೆಯ ಸೂಡಿ ಹಿಡಿದು ಎತ್ತರದ ಮರವನ್ನೇರುವವನು ನೊಣಗಳನ್ನು ಉದ್ದೇಶಿಸಿ ಹಾಡುತ್ತಾನೆ. ಇದು ಅನುಮತಿ ಬೇಡುವ, ಮುನಿಯದಿರೆಂದು ಒಲಿಸುವ ಹಾಡು. ಇಲ್ಲಿ ಶ್ರೋತೃವು ಮನುಷ್ಯನೇ ಅಲ್ಲ. ಕೆಳಗೆ ಕಾದವರಿಗೆ ಆ ಕಂಠವು ಇನ್ನೊಂದನ್ನೂ ತಿಳಿಸುತ್ತದೆ: ಏರಿದವನು ಇನ್ನೂ ಮರದ ಮೇಲೆ ಸುರಕ್ಷಿತವಾಗಿದ್ದಾನೆ.

ಇದೇ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಗ್ಯುಮೆ ಎಂಬ ಟಿಬೆಟನ್ ತಾಂತ್ರಿಕ ಮಠವಿದೆ. ತ್ಸೊಂಖಪಾನ ಶಿಷ್ಯ ಶೆರಾಬ್ ಸೆಂಗೆ 1433ರಲ್ಲಿ ಟಿಬೆಟಿನಲ್ಲಿ ಸ್ಥಾಪಿಸಿದ ಈ ಪೀಠವು 1959ರ ವಿಪ್ಲವದಲ್ಲಿ ನೆಲೆಗೆಟ್ಟು, ಅಳಿದುಳಿದ ಭಿಕ್ಷುಗಳೊಡನೆ ಹಿಮಾಚಲದ ಡಾಲ್‌ಹೌಸಿಯಲ್ಲಿದ್ದು, 1972ರಲ್ಲಿ ಇಲ್ಲಿಗೆ ಬಂದಿತು. ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನಿರಾಶ್ರಿತರ ವಸಾಹತು 1961ರಲ್ಲೇ ಆರಂಭವಾಗಿತ್ತು. ಟಿಬೆಟನ್ನರ ಪೂಜೆಯಲ್ಲಿ ಭೇರಿ, ಕಂಚಿನ ತಾಳ, ನೀಳವಾದ ಕಹಳೆಗಳುಂಟು. ಆದರೆ ‘ಯಾಂಗ್’ ಎಂಬ ದೀರ್ಘ ಸ್ವರಪಠನ ಬಂದಾಗ ಅವು ಬಹುಮಟ್ಟಿಗೆ ಸುಮ್ಮನಾಗಿ, ಭಿಕ್ಷುಗಳ ಕಂಠ ಮಾತ್ರ ಉಳಿಯುತ್ತದೆ. ಆ ಕಂಠವನ್ನು ಮೊದಲ ಬಾರಿಗೆ ಕೇಳಿದವರು ಅದು ಮನುಷ್ಯರದೆಂದು ಒಡನೆಯೇ ನಂಬಲಾರರು. ಅತಿಮಂದ್ರದ ಒಂದು ಸ್ವರ, ಅದರ ಮೇಲೆ ತೇಲುವ ಮತ್ತೊಂದು ಸ್ವರ, ಎರಡೂ ಒಬ್ಬನ ಬಾಯಿಂದಲೇ ಬರುತ್ತವೆ.

ಇದರ ಮರ್ಮವನ್ನು ಧ್ವನಿವಿಜ್ಞಾನಿಗಳು ಬಿಡಿಸಿದ್ದಾರೆ. ಧರ್ಮತತ್ತ್ವಜ್ಞ ಹ್ಯೂಸ್ಟನ್ ಸ್ಮಿತ್ 1964ರಲ್ಲಿ ಗ್ಯುಮೆಯ ಸೋದರಪೀಠವಾದ ಗ್ಯುಟೊ ಮಠದ ಭಿಕ್ಷುಗಳ ಪಠನವನ್ನು ಧ್ವನಿಮುದ್ರಿಸಿದರು. ಆ ಕುರಿತ ವಿಶ್ಲೇಷಣೆ 1967ರಲ್ಲಿ ಪ್ರಕಟವಾಯಿತು. ಗಂಟಲಿನಲ್ಲಿ ನಾವು ಮಾತಿಗೆ ಬಳಸುವ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯವಾಗಿ ಅವು ನಿಶ್ಚಲ. ಸಾಧನೆಯಿಂದ ಅವನ್ನೂ ಕಂಪಿಸುವಂತೆ ಮಾಡಿದರೆ, ಕೆಳಗಿನವು ಎರಡು ಬಾರಿ ಕಂಪಿಸುವಷ್ಟರಲ್ಲಿ ಮೇಲಿನವು ಒಂದು ಬಾರಿ ಕಂಪಿಸಿ, ಸ್ವರವು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಬಾಯಿ ತುಟಿಗಳ ಆಕಾರವನ್ನು ಹದಗೊಳಿಸಿ ಆ ಮಂದ್ರಸ್ವರದಲ್ಲಿ ಅಡಗಿರುವ ಅನುಸ್ವನಗಳಲ್ಲೊಂದನ್ನು ಎತ್ತಿಹಿಡಿದಾಗ ಎರಡನೆಯ ಸ್ವರ ಕೇಳಿಸುತ್ತದೆ. ಮಂತ್ರದ ಅಕ್ಷರಗಳ ನಡುವೆ ಅರ್ಥರಹಿತ ಅಕ್ಷರಗಳನ್ನು ಸೇರಿಸಿ ಎಳೆಯುವುದರಿಂದ ಭಾಷೆ ಬಲ್ಲವನಿಗೂ ಪಾಠ ತಿಳಿಯದು. ರಾಗದ ಏರಿಳಿತವನ್ನು ವಕ್ರರೇಖೆಗಳಲ್ಲಿ ಬರೆದಿಡುವ ಲಿಪಿಯಿದ್ದರೂ ಅದು ಕಲಿತವನಿಗೆ ನೆನಪು ಕೊಡುವುದೇ ಹೊರತು ಕಲಿಯದವನಿಗೆ ಹಾಡು ಕೊಡದು. ‘ಉಮ್ಜೆ’ ಎಂದರೆ ಪಠನನಾಯಕ; ಅವನ ಬಾಯಿಂದಲೇ ಕಲಿಯಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯೂ ಕೈಗಳಿಗೆ ಮುದ್ರಾಬಂಧದ ಕೆಲಸವಿದೆಯೆಂಬುದನ್ನು ಗಮನಿಸಬೇಕು.

ಇದೇ ಮಡಿಕೆಗಳನ್ನು ಕಂಪಿಸುವ ವಿದ್ಯೆಯು ಮೆಡಿಟರೇನಿಯನ್ ಸಮುದ್ರದ ಸಾರ್ಡೀನಿಯ ದ್ವೀಪದ ಕುರಿಗಾಹಿಗಳಿಗೂ ತಿಳಿದಿದೆ. ನಾಲ್ವರು ಗಂಡಸರು ವೃತ್ತಾಕಾರವಾಗಿ ನಿಂತು ಹಾಡುವ ಅವರ ‘ಕಾಂತು ಅ ತೆನೋರೆ’ಯಲ್ಲಿ ಅತಿಮಂದ್ರದ ಪಾಲು ಹೊತ್ತವನ ಕಂಠ ಹೀಗೆಯೇ ಹೊರಡುತ್ತದೆ. ಪರಸ್ಪರ ಸಂಪರ್ಕವೇ ಇಲ್ಲದ ಭಿಕ್ಷುವೂ ಕುರುಬನೂ ದೇಹದ ಒಂದೇ ಮೂಲೆಯಲ್ಲಿ ಒಂದೇ ವಾದ್ಯವನ್ನು ಕಂಡುಕೊಂಡಿದ್ದಾರೆ. ಪಶ್ಚಿಮ ಜಾರ್ಜಿಯದ ರೈತರು ಹೊಲ ಅಗೆಯುವಾಗ ಹಾಡುವ ‘ನಾದುರಿ’ ನಾಲ್ಕು ಧ್ವನಿಗಳ ಹೆಣಿಗೆ. ನಮ್ಮ ನಾಟಿಪದಕ್ಕೆ ಸಂದರ್ಭದಲ್ಲಿ ಬಂಧು, ರಚನೆಯಲ್ಲಿ ಅನ್ಯ. ಉತ್ತರಧ್ರುವದ ಇನ್ಯುಯಿಟ್ ಹೆಂಗಸರಿಬ್ಬರು ಎದುರುಬದುರಾಗಿ ನಿಂತು ಉಸಿರಿನಿಂದಲೇ ಆಡುವ ಗಂಟಲಾಟವಂತೂ ಯಾರಾದರೊಬ್ಬರು ನಕ್ಕುಬಿಟ್ಟಾಗ ಮುಗಿಯುತ್ತದೆ!

ಈಗ ಈ ಸೀಮೆಯ ಪರಂಪರೆಗಳ ಗತಿಯನ್ನು ಒಟ್ಟಿಗಿಟ್ಟು ನೋಡಿದಾಗ ವಿಚಿತ್ರವಾದ ಸಂಗತಿಯೊಂದು ಹೊಳೆಯುತ್ತದೆ. ಸಾವಿರಾರು ಮೈಲಿ ಅಲೆದು, ಮಠ-ಮಂದಿರಗಳನ್ನು ಕಳೆದುಕೊಂಡು ಬಂದ ಹಾಡು ಉಳಿದಿದೆ. ಹುಟ್ಟಿದೂರಿನಲ್ಲೇ ಇದ್ದ ಹಾಡು ಅಳಿಯುತ್ತಿದೆ. ಹಿಟ್ಟಿನ ಗಿರಣಿ, ಅಕ್ಕಿಯ ಗಿರಣಿ ಬಂದಂತೆ ಬೀಸುವ ಪದ, ಒನಕೆವಾಡುಗಳು ನಿಂತವು. ಅದಕ್ಕೆ ಮರುಗುವುದು ನ್ಯಾಯವಲ್ಲ, ಬೆಳಗಿನ ಜಾವದ ಆ ದುಡಿಮೆಯಿಂದ ಹೆಣ್ಣಿಗೆ ಬಿಡುಗಡೆಯಾಯಿತು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಕೋಟೆ ಸೀಮೆಯ ಹಳ್ಳಿಗಳನ್ನೇ ಮುಳುಗಿಸಿತು. ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನಿಂದ ಹೊರಬಂದ ಜೇನುಕುರುಬನಿಗೆ ಏರಲು ಮರವಿಲ್ಲದ ಮೇಲೆ ಯಾರನ್ನು ಕುರಿತು ಹಾಡಬೇಕು? ಜೇನಿನಂಥ ಕಿರು ಅರಣ್ಯೋತ್ಪನ್ನದ ಮೇಲಿನ ಅವನ ಹಕ್ಕನ್ನು 2006ರ ಅರಣ್ಯಹಕ್ಕು ಕಾಯಿದೆ ಮನ್ನಿಸಿದೆಯಾದರೂ, ಹಾಡಿನ ಒಂದು ತಲೆಮಾರು ಅಷ್ಟರಲ್ಲಿ ಸರಿದುಹೋಗಿತ್ತು.

ಸೋಬಾನೆಯ ವಿಷಯ ಹಾಗಲ್ಲ. ಅದರ ಸಂದರ್ಭ ಅಳಿದಿಲ್ಲ. ಮದುವೆಗಳು ನಡೆಯುತ್ತಲೇ ಇವೆ. ಅಳಿದುದು ಕಲಿಸುವ ಏರ್ಪಾಟು. ಗ್ಯುಮೆಯಲ್ಲಿ ಒಬ್ಬ ಉಮ್ಜೆಯ ಬಳಿಕ ಮತ್ತೊಬ್ಬನು ಇರಲೇಬೇಕೆಂಬುದು ಮಠದ ಕಟ್ಟಳೆ. ಅವನ ಅನ್ನ, ವಸತಿ, ಮನ್ನಣೆಗಳ ಹೊಣೆ ಸಂಸ್ಥೆಯದು. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ತೆರೆಯಿತು. 1994ರಲ್ಲಿ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರ ಶ್ರಮದಿಂದ ಜಾನಪದ ಲೋಕವು ಆರಂಭವಾಯಿತು. ಇವುಗಳ ಉಪಕಾರ ದೊಡ್ಡದು. ಆದರೆ ಸಂಗ್ರಹವೂ ಶಿಷ್ಯವೃತ್ತಿಯೂ ಒಂದೇ ಅಲ್ಲ. ಲಡಾಖಿನ ಬೌದ್ಧಪಠನವನ್ನು ಯುನೆಸ್ಕೊ 2012ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು; ಜಾರ್ಜಿಯ, ಸಾರ್ಡೀನಿಯಗಳ ಹಾಡು 2008ರಲ್ಲೇ ಸೇರಿದ್ದವು. ಸೋಬಾನೆ ಆ ಪಟ್ಟಿಯಲ್ಲಿಲ್ಲ. ಪಟ್ಟಿಗಿಂತ ಮೊದಲು ಬೇಕಾದುದು, ಯಾವ ಶಾಸ್ತ್ರಕ್ಕೆ ಯಾವ ಪದವೆಂದು ಬಲ್ಲ ಹಿರಿಯಳ ಪಕ್ಕದಲ್ಲಿ ನಾಲ್ಕು ಮದುವೆಗಳಲ್ಲಾದರೂ ಕುಳಿತು ಸೊಲ್ಲು ಕೂಡಿಸುವ ಎಳೆಯರು. ಊರಿನ ಕಲ್ಯಾಣಮಂಟಪದಲ್ಲಿ ಧ್ವನಿವರ್ಧಕವನ್ನು ಅರ್ಧ ಗಳಿಗೆ ನಿಲ್ಲಿಸುವುದರಿಂದ ಅದಕ್ಕೆ ಮೊದಲಾಗಬಹುದು.